ಬಾಡಿಗೆ ವಿಮಾನಕ್ಕೆ ಅತ್ತಿಗೆಯ ಪರಸ್ಥಾನ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಮೈಸೂರಿನ ನಮ್ಮ ಬೀದಿಯವರು ಮೊದಲು ಕೇಳುವುದು ನಯಾಗರಾ ನೋಡಿದಿರಾ ಎಂದು. ಇಲ್ಲ. ಸ್ವಾತಂತ್ರ್ಯದೇವಿಯ ಪ್ರತಿಮೆ? ಅದೂ ಇಲ್ಲ. ಮತ್ತೇನು ಕಡಿದು ಗುಡ್ಡೆ ಹಾಕಿದಿರಿ ಎಂದರೆ, ಟೆಕ್ಸಸ್‌ನ ಮೂರು ಊರುಗಳ ವಿಮಾನ ನಿಲ್ದಾಣಗಳನ್ನು ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ನೋಡಿದೆ ಎನ್ನುತ್ತೇನೆ. ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ಒಬ್ಬೊಬ್ಬರಿಗೂ ಕೂರಿಸಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಒಂದು ಬೇಸಿಗೆ. ಹೋದವರು ನಾವಿಬ್ಬರು: ನಾನು, ಮತ್ತು ನಮ್ಮ ಯಜಮಾನರ ಅಕ್ಕ ಪದ್ಮಾವತಿ, ಅಂದರೆ ನನ್ನ ಅತ್ತಿಗೆ. ಕರೆಸಿಕೊಂಡವಳು ನನ್ನ ಮೈದುನನ ಮಗಳು ಚೈತ್ರ. ಅವಳಿಗೆ ನಾನು ದೊಡ್ಡಮ್ಮ, ಪದ್ಮಾವತಿ ಸೋದರತ್ತೆ.

ಲಿಟಲ್ ಎಲ್ಮ್

ಅತ್ತಿಗೆ ಹುಟ್ಟಿದ್ದು ಮೈಸೂರಿನಲ್ಲಿ, ಸೇರಿದ್ದು ರಾಯಚೂರನ್ನು. ನಲವತ್ತು ವರ್ಷ ಅಲ್ಲಿಯ ಬಿಸಿಲು ಕುಡಿದು ಮಾತೂ ಪೂರ್ತಿ ರಾಯಚೂರಿನದೇ ಆಗಿಬಿಟ್ಟಿದೆ. ಅವರ ಪತಿ, ನಮ್ಮ ಭಾವನವರು, ಅಲ್ಲಿ ಹತ್ತಿ ಗಿರಣಿಯ ಮ್ಯಾನೇಜರಾಗಿದ್ದವರು. ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಮ್ಮ ಬಳಗದಲ್ಲಿ ಅವರು ಪ್ರಸಿದ್ಧರಾಗಿದ್ದುದು ಪಂಚಾಂಗಕ್ಕೆ. ಗೋಕರ್ಣಕ್ಕೆ ಹೋಗೋಣ ಬನ್ನಿ ಎಂದರೆ ಅವತ್ತು ವ್ಯತೀಪಾತ ಎಂಬ ಉತ್ತರ ಬರುತ್ತಿತ್ತು. ರಾಮೇಶ್ವರ ಎಂದರೆ ಎದುರಿಗೇ ಅಮಾವಾಸ್ಯೆ. ಕನ್ಯಾಕುಮಾರಿಗೆ ರೈಲಿನ ಟಿಕೆಟ್ಟೇ ಆಗಿದ್ದಾಗ, ಎಲ್ಲಿಂದಲೋ ಒಂದು ಗ್ರಹಣ ಬಂದು ವಕ್ಕರಿಸಿತು. "ಈ ಮನುಷ್ಯನಿಗೆ ಒಳ್ಳೆ ದಿನ ಅನ್ನೋದೇ ಹುಟ್ಟಲ್ಲ" ಎಂದು ನಮ್ಮ ಯಜಮಾನರು ರೇಗುತ್ತಿದ್ದರು. ಹೀಗೆ ಅತ್ತಿಗೆಗೆ ಅರವತ್ತೇಳು ತುಂಬಿದರೂ ಸಮುದ್ರ ನೋಡುವ ಯೋಗ ಬಂದಿರಲಿಲ್ಲ.

ಅಮೆರಿಕಕ್ಕೆ ಬರುವಾಗ ವಿಮಾನ ಸಮುದ್ರದ ಮೇಲೆಯೇ ಬಂತು, ನಿಜ. ಆದರೆ ಅವರಿಗೆ ಸಿಕ್ಕಿದ್ದು ನಡುವಿನ ಸೀಟು. ಕಿಟಕಿಯ ಪಕ್ಕದ ಪುಣ್ಯಾತ್ಮ ಪರದೆ ಎಳೆದು, ಬಾಯಿ ತೆರೆದು, ಎರಡು ಖಂಡಗಳ ನಡುವಿನ ನೀರನ್ನೆಲ್ಲ ನಿದ್ದೆಯಲ್ಲೇ ದಾಟಿಬಿಟ್ಟ.

ಚೈತ್ರಳ ಮನೆ ಇದ್ದದ್ದು ಡಲ್ಲಾಸ್‌ನ ಉತ್ತರಕ್ಕೆ, ಲಿಟಲ್ ಎಲ್ಮ್ ಎಂಬ ಊರಿನಲ್ಲಿ. ಕೆರೆಯ ದಡ, ಹೊಸ ಬಡಾವಣೆ, ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ತೆಗೆದ ಚಕ್ಕುಲಿಗಳು. ಬಂದ ಎರಡನೇ ದಿನವೇ ಅತ್ತಿಗೆ ವಾಕಿಂಗ್ ಮುಗಿಸಿ ಯಾರದೋ ಮನೆಯ ಬಾಗಿಲು ದೂಡಿಕೊಂಡು ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕೂತಿದ್ದರು. ಆ ಮನೆಯೊಡತಿ ರೂತ್. ಎಪ್ಪತ್ತರ ಹತ್ತಿರದ, ಗಂಡನಿಲ್ಲದ, ಒಂಟಿಯಾಗಿದ್ದ ಎತ್ತರದ ಹೆಂಗಸು. ಬೇರೆ ಯಾರಾದರೂ ಆಗಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದರೋ ಏನೋ. ಈಕೆ ಐಸ್ ಹಾಕಿದ ಚಹಾ ಕೊಟ್ಟು, ಕೈಹಿಡಿದು ಪಕ್ಕದಲ್ಲೇ ಇದ್ದ ನಮ್ಮ ಮನೆಗೆ ತಂದುಬಿಟ್ಟರು. "ಚಾದಾಗ ಐಸ್ ಹಾಕ್ತಾರವಾ, ಹುಚ್ಚು ಮಂದಿ. ಆದ್ರ ಮನಸ್ಸು ಛಲೋ ಅದ" ಎಂದು ಅತ್ತಿಗೆ ತೀರ್ಪು ಕೊಟ್ಟರು.

ಸಂಜೆ ಕೆರೆಯ ದಂಡೆಗೆ ಹೋದಾಗೆಲ್ಲ ಅವರದು ಒಂದೇ ಪ್ರಶ್ನೆ: "ಸಮುದ್ರ ಅಂದ್ರ ಹಿಂಗ ಇರ್ತದೇನು?" ಚೈತ್ರ ಕೇಳಿ ಕೇಳಿ ಕೊನೆಗೆ ಸೊಂಟಕ್ಕೆ ಕೈಯಿಟ್ಟಳು. "ದೊಡ್ಡಮ್ಮ, ಅತ್ತೆ ಊರಿಗೆ ವಾಪಸ್ ಹೋಗೋದ್ರೊಳಗೆ ಸಮುದ್ರ ತೋರಿಸ್ಲೇಬೇಕು. ಹ್ಯೂಸ್ಟನ್ ಹತ್ರ ಗಾಲ್ವೆಸ್ಟನ್‌ನಲ್ಲಿ ಇದೆ, ಆದ್ರೆ ಅಲ್ಲಿ ನೀರು ಟೀ ಬಣ್ಣ. ಫಸ್ಟ್ ಟೈಮ್ ನೋಡೋವಾಗ ನೀಲಿಯಾಗಿರ್ಬೇಕು. ಮೆಕ್ಸಿಕೋಗೆ ಹೋಗೋಣ, ಕಾನ್‌ಕೂನ್‌ಗೆ!"

ಬೇಸಿಗೆ ರಜೆಯಲ್ಲಿ ಡಲ್ಲಾಸ್‌ನಿಂದ ಕಾನ್‌ಕೂನ್‌ಗೆ ಚಾರ್ಟರ್ ವಿಮಾನ ಹೋಗುತ್ತದಂತೆ. ವಾರಕ್ಕೊಂದೇ, ಗುರುವಾರ. ವೀಸಾ ಓಡಾಟವನ್ನೆಲ್ಲ ಅವಳೇ ಮಾಡಿದಳು. ಆ ಗುರುವಾರ ತಪ್ಪಿದರೆ ಮುಂದಿನ ಗುರುವಾರದೊಳಗೆ ನಾವು ಮೈಸೂರಿನಲ್ಲಿರುತ್ತಿದ್ದೆವು. ಅಂದರೆ ಇದ್ದದ್ದು ಅದೊಂದೇ ಅವಕಾಶ.

ಸುದ್ದಿ ಕೇಳಿ ಅತ್ತಿಗೆಯ ಮುಖ ಅರಳಿತು. ಆಮೇಲೆ ಬೆರಳು ಮಡಚಿ ಎಣಿಸಿದರು. ಆಮೇಲೆ ಬಾಡಿತು.

"ಕಾನ್‌ಕೂನ್ ಯಾವ ದಿಕ್ಕಿಗೆ ಅದ?"

"ಸೌತ್, ಅತ್ತೆ."

"ಗುರುವಾರ ದಕ್ಷಿಣಕ್ಕ ಶೂಲಿ ಅದಲ್ಲವಾ."

ಶೂಲೆ ಎಂದರೆ ಆ ವಾರ ಆ ದಿಕ್ಕಿಗೆ ಹೊರಡಬಾರದು ಎಂಬ ಕಟ್ಟಳೆ. ನನಗೆ ರೇಗಿಹೋಯಿತು. ಭಾವನವರು ಹೋದರೂ ಅವರ ಪಂಚಾಂಗ ಹೋಗಲಿಲ್ಲವಲ್ಲ! ಆದರೆ ಈ ಸಲ ಅತ್ತಿಗೆ ಬೇಡ ಎನ್ನಲಿಲ್ಲ. "ಪರಸ್ಥಾನ ಇಡೋಣು" ಎಂದರು.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹೊರಡಬೇಕಾದ ದಿನ ಚೆನ್ನಾಗಿಲ್ಲ, ಆದರೆ ಹೋಗದೆ ವಿಧಿಯಿಲ್ಲ ಎನ್ನುವಾಗ ಹಿರಿಯರು ಮಾಡಿಕೊಂಡ ಉಪಾಯ ಇದು. ಎರಡು ಮೂರು ದಿನ ಮೊದಲೇ ಒಳ್ಳೆಯ ಹೊತ್ತು ನೋಡಿ, ಒಂದು ಚೀಲದಲ್ಲಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು, ಹೊರಡುವವರ ಒಂದು ಬಟ್ಟೆ ಇಟ್ಟು, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ನೀವು ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ದಿನವಾದರೂ ಹೋಗಿ, ದಾರಿಯಲ್ಲಿ ಚೀಲ ಎತ್ತಿಕೊಂಡು ಮುಂದೆ ನಡೆದರಾಯಿತು. ಒಂದೇ ಕಟ್ಟುಪಾಡು: ಹೊರಟ ಚೀಲ ತಿರುಗಿ ಮನೆಗೆ ಬರಬಾರದು.

ನಮ್ಮ ದಕ್ಷಿಣಕ್ಕಿದ್ದ ಮನೆ ರೂತ್ ಅವರದು. ಸೋಮವಾರ ಬೆಳಿಗ್ಗೆ ಅತ್ತಿಗೆ ಪುಟ್ಟ ಜಮಖಾನದ ಚೀಲವೊಂದನ್ನು ಎದೆಗವಚಿಕೊಂಡು ಹೋದರು. ಹಿಂದೆ ನಾನು, ನಾಚಿಕೆಯಿಂದ ಕುಗ್ಗಿಹೋಗಿದ್ದ ಚೈತ್ರ. ಅವಳು ಇಂಗ್ಲಿಷಿನಲ್ಲಿ ತಡವರಿಸುತ್ತ ವಿವರಿಸಿದಳು. ರೂತ್ ನಗಲಿಲ್ಲ. ಬಹಳ ಗಂಭೀರವಾಗಿ ಕೇಳಿದರು.

"ಹಾಗಾದರೆ ಈ ಚೀಲ ಆಗಲೇ ಪ್ರಯಾಣದಲ್ಲಿದೆ ಅನ್ನಿ."

"ಹೌದು."

"ಹಿಂದಕ್ಕೆ ಮಾತ್ರ ಹೋಗಕೂಡದು."

"ಹೌದು."

"ದಕ್ಷಿಣಕ್ಕೆ ಮುಖ ಮಾಡಿ ಇಡಬೇಕೆ?"

ಇದು ನಮಗೂ ಹೊಳೆದಿರಲಿಲ್ಲ. ಅತ್ತಿಗೆ ಒಂದು ಕ್ಷಣ ಯೋಚಿಸಿ, ಹೌದು ಎಂದು ತಲೆಯಾಡಿಸಿದರು. ರೂತ್ ದಕ್ಷಿಣದ ಕಿಟಕಿಯ ಬಳಿ ಕುರ್ಚಿ ಎಳೆದು ಚೀಲವನ್ನು ಅತಿಥಿಯಂತೆ ಕೂರಿಸಿದರು.

ಡಲ್ಲಾಸ್

ಗುರುವಾರ ಬೆಳಿಗ್ಗೆ ಚೈತ್ರ "ಲೇಟಾಯ್ತು, ಲೇಟಾಯ್ತು" ಎಂದು ಹಾರಾಡಿ, ಗ್ಯಾರೇಜಿನಿಂದಲೇ ಕಾರು ತೆಗೆದು ನಮ್ಮನ್ನು ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿಸಿಯೇ ಉಸಿರು ಬಿಟ್ಟಳು. ಅವಳ ಗಂಡ ಆ ವಾರ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿದ್ದ. ಹೊರಟವರು ಮೂವರೂ ಹೆಂಗಸರೇ.

ನಮ್ಮ ಸಾಲನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಎಲ್ಲರೂ ಚಡ್ಡಿ ಹಾಕಿ ಹುಲ್ಲಿನ ಟೋಪಿ ಇಟ್ಟಿದ್ದರು. ಒಬ್ಬ ಈಜುವ ಕನ್ನಡಕವನ್ನು ಹಣೆಗೆ ಏರಿಸಿಕೊಂಡೇ ನಿಂತಿದ್ದ. ಇನ್ನೊಬ್ಬಳು ರಬ್ಬರಿನ ಬಾತುಕೋಳಿಯೊಂದಕ್ಕೆ ಗಾಳಿ ತುಂಬಿ ಸೊಂಟಕ್ಕೆ ಹಾಕಿಕೊಂಡಿದ್ದಳು. ಅವರ ನಡುವೆ ಇಳಕಲ್ ಸೀರೆಯ ಮೇಲೆ ಶಾಲು, ಶಾಲಿನ ಮೇಲೆ ಸ್ವೆಟರ್ ಹಾಕಿದ ಅತ್ತಿಗೆ. ಹೊರಗೆ ಬೆಂಕಿ ಬಿಸಿಲು, ಒಳಗೆ ಐಸ್‌ಪೆಟ್ಟಿಗೆ. ಯಾವುದಕ್ಕೆ ಸಿದ್ಧವಾಗಬೇಕು ಎನ್ನುವುದು ಟೆಕ್ಸಸ್‌ನಲ್ಲಿ ಯಾರಿಗೂ ತಿಳಿಯುವುದಿಲ್ಲ.

ಕೌಂಟರ್ ತೆರೆದಿರಲಿಲ್ಲ. ಹಳದಿ ಅಂಗಿಯ ಹುಡುಗಿಯೊಬ್ಬಳು ಬಂದು ನಗುನಗುತ್ತಲೇ ಬಾಂಬ್ ಹಾಕಿದಳು: ವಿಮಾನ ಡಲ್ಲಾಸ್‌ಗೆ ಬಂದೇ ಇಲ್ಲ, ಆಸ್ಟಿನ್‌ನಲ್ಲಿ ಚಕ್ರ ಕೆಟ್ಟು ಕೂತಿದೆ. ಎಲ್ಲರನ್ನೂ ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದು ಹತ್ತಿಸುತ್ತಾರಂತೆ. ನಮ್ಮ ಕಡೆಯಾಗಿದ್ದರೆ ಅಷ್ಟು ಹೊತ್ತಿಗೆ ಕೌಂಟರಿಗೆ ಘೇರಾವ್ ಆಗಿ, "ಯಾರ್ರೀ ಇಲ್ಲಿ ಮ್ಯಾನೇಜರ್ರು" ಎನ್ನುವ ನಾಲ್ಕು ಮಂದಿ ತಾವಾಗಿಯೇ ಮುಂದೆ ಬರುತ್ತಿದ್ದರು. ಇಲ್ಲಿ ಎಲ್ಲರೂ ಆ ಹುಡುಗಿಗೆ ಥ್ಯಾಂಕ್ಯೂ ಹೇಳಿದರು! ಕೆಟ್ಟ ಸುದ್ದಿ ತಂದದ್ದಕ್ಕೆ ಕೃತಜ್ಞತೆ ಹೇಳುವ ಜನರನ್ನು ನಾನು ಮೊದಲ ಬಾರಿ ನೋಡಿದ್ದು.

ವಿಷಯವೇನೆಂದರೆ, ವಿಮಾನ ಬಾಡಿಗೆಯದು. ಪ್ರವಾಸ ಮಾಡಿಸುವ ಕಂಪನಿ ಮೆಕ್ಸಿಕೋದ್ದು, ವಿಮಾನ ಲಿಥುವೇನಿಯಾ ದೇಶದ್ದು. ಬೇಸಿಗೆ ಮಟ್ಟಿಗೆ ವಿಮಾನವನ್ನು ಪೈಲಟ್, ಗಗನಸಖಿಯರ ಸಮೇತ ತರಿಸಿಕೊಂಡಿದ್ದರು. ಮದುವೆಗೆ ಪಾತ್ರೆಯ ಜೊತೆ ಅಡಿಗೆಯವರನ್ನೂ ಗೊತ್ತುಮಾಡಿಕೊಂಡ ಹಾಗೆ.

"ಪಾಸ್‌ಪೋರ್ಟ್ ಎಲ್ಲ ನನ್ ಹತ್ರ ಕೊಟ್ಬಿಡಿ, ಬಸ್ಸಲ್ಲಿ ಕಳೆದುಹೋದ್ರೆ ಕಷ್ಟ" ಎಂದು ಚೈತ್ರ ಕೈಚಾಚಿದಳು. ನಾನು ಕೊಟ್ಟೆ. ಅತ್ತಿಗೆ ಆರಾಮಾಗಿ ನಿಂತಿದ್ದರು.

"ನಂದು ಸೋಮವಾರನ ಹೋಗ್ಯದಲ್ಲ?"

"ಎಲ್ಲಿಗೆ ಹೋಯ್ತು?"

"ಪರಸ್ಥಾನಕ್ಕ. ಚೀಲದಾಗ ಅದ. ನೀ ಕಾರಿನಾಗ ಇಟ್ಟಿದ್ದಿಲ್ಲೇನು?"

ಚೈತ್ರ ಕಾರಿನಲ್ಲಿ ಇಟ್ಟಿರಲಿಲ್ಲ. ನಾನು ತಂದಿರಬಹುದು ಎಂದು ಅವಳು, ಅವಳು ತಂದಿರಬಹುದು ಎಂದು ನಾನು. ಗ್ಯಾರೇಜಿನಿಂದ ನೆಟ್ಟಗೆ ಬಂದವರಿಗೆ ರೂತ್ ಮನೆಯ ನೆನಪೇ ಆಗಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

"ಅಲ್ಲ ಅತ್ತಿಗೆ, ಪಾಸ್‌ಪೋರ್ಟ್ ಯಾಕೆ ಅದರಲ್ಲಿ ಇಟ್ಟಿರಿ? ಅಕ್ಕಿ, ಅಡಿಕೆ ಸಾಕಾಗಿತ್ತಲ್ಲ!"

"ಪ್ರಯಾಣಕ್ಕ ಯಾವುದು ಮುಖ್ಯನೋ ಅದು ಮೊದಲು ಹೋಗಬೇಕು. ಅಡಿಕಿ ತೋರಿಸಿದ್ರ ಮೆಕ್ಸಿಕೋದವರು ಒಳಗ ಬಿಡ್ತಾರೇನು?"

ಚೈತ್ರ ರೂತ್‌ಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮೆಷಿನ್ನಿಗೆ ಎಲ್ಲವನ್ನೂ ಹೇಳಿದಳು. ಮನೆಗೆ ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟುಬಿಡುತ್ತಿತ್ತು. ಹಳದಿ ಅಂಗಿಯ ಹುಡುಗಿ ಕೊನೆಯ ಬಾರಿ ಕೂಗಿದಾಗ ಅತ್ತಿಗೆಯೇ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದರು. "ನಡೀರಿ ನಡೀರಿ. ಹೊರಟ ಮ್ಯಾಲ ನಿಂದರಬಾರದು."

ಧೈರ್ಯದ ಮಾತೇನೋ ಸರಿ. ಬಸ್ಸಿನ ಮೆಟ್ಟಿಲು ಹತ್ತುವಾಗ ಅವರ ಕೈ ಹಿಡಿದೆ, ತಣ್ಣಗಿತ್ತು.

ಆಸ್ಟಿನ್

ದಾರಿಯಲ್ಲಿ ಒಂದು ಕಡೆ ಬಸ್ಸು ನಿಂತಿತು. ಕೊಲಾಚೆ ಎಂಬ ಸಿಹಿ ಬನ್ನು ಅಲ್ಲಿ ಪ್ರಸಿದ್ಧವಂತೆ, ಎಲ್ಲರೂ ಮುಗಿಬಿದ್ದರು. ಅತ್ತಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿ, ಹೌದೆಂದು ತಿಳಿದು, ನಮ್ಮ ಡಬ್ಬಿಯ ಅವಲಕ್ಕಿಯನ್ನೇ ತೆಗೆದರು. ಆಗ ಚೈತ್ರಳ ಫೋನ್ ಬಡಿದುಕೊಂಡಿತು. ರೂತ್!

ಮಾತು ಮುಗಿಸಿದ ಚೈತ್ರ ಅಳಬೇಕೋ ನಗಬೇಕೋ ತಿಳಿಯದೆ ಕೂತಳು. "ನಾಯಿ ಕರ್ಕೊಂಡು ವಾಕ್ ಹೋಗಿದ್ರಂತೆ. ಈಗ್ ಮೆಸೇಜ್ ಕೇಳಿದ್ರಂತೆ. ಚೀಲಾನ ಪಕ್ಕದ ಸೀಟಲ್ಲಿ ಕೂರಿಸಿ ಬೆಲ್ಟ್ ಹಾಕಿದೀನಿ, ಆಸ್ಟಿನ್‌ಗೆ ಡ್ರೈವ್ ಮಾಡ್ಕೊಂಡು ಬರ್ತಿದೀನಿ ಅಂತಾರೆ ದೊಡ್ಡಮ್ಮ. ಅಯ್ಯೋ ಬೇಡ, ಅಷ್ಟು ದೂರ ಅಂತ ನಾನಂದ್ರೆ, ಹಿಂದಕ್ಕೆ ಹೋಗ್ಬಾರ್ದು ಅಂತ ನೀವೇ ತಾನೇ ಹೇಳಿದ್ದು ಅಂತಾರೆ!"

ಆಮೇಲೆ ಎಷ್ಟು ಪ್ರಯತ್ನಿಸಿದರೂ ರೂತ್ ಫೋನಿಗೆ ಸಿಗಲಿಲ್ಲ. ಆಕೆಯ ಮೊಬೈಲು ಆಕೆ ಮಾತಾಡಬೇಕೆನಿಸಿದಾಗ ಮಾತ್ರ ಜೀವ ತಳೆಯುವಂಥದು. ಬ್ಯಾಟರಿ ಉಳಿಯಲಿ ಎಂದು ಮಿಕ್ಕ ಹೊತ್ತು ಆಫ್. ನಮ್ಮ ಯಜಮಾನರೂ ಹಾಗೆಯೇ ಮಾಡುತ್ತಾರೆ. ಇದು ಮೈಸೂರಿನ ಕಾಯಿಲೆ ಎಂದುಕೊಂಡಿದ್ದೆ, ಟೆಕ್ಸಸ್‌ನಲ್ಲೂ ಇದೆ.

ಆಸ್ಟಿನ್ ನಿಲ್ದಾಣದ ಗಾಜಿನಾಚೆ ಕೊನೆಗೂ ನಮ್ಮ ವಿಮಾನದ ದರ್ಶನವಾಯಿತು. ಬಿಳಿಯ ಮೈ, ಹೆಸರಿಲ್ಲ, ಊರಿಲ್ಲ. ಬಾಲದ ಮೇಲೆ ಹಳೆಯ ಯಾರದೋ ಬಣ್ಣ ಸುಣ್ಣದಡಿಯ ಗೋಡೆಬರಹದಂತೆ ಮಸುಕಾಗಿ ಕಾಣುತ್ತಿತ್ತು. ಚಕ್ರ ಬದಲಾಯಿಸಿ ಆಗಿತ್ತು. ಆದರೆ ಹ್ಯೂಸ್ಟನ್‌ನಲ್ಲಿ ಮೆಕ್ಯಾನಿಕ್‌ಗಳು ಒಮ್ಮೆ ನೋಡಿ ಸೈ ಎನ್ನಬೇಕಂತೆ. ಹ್ಯೂಸ್ಟನ್‌ನ ಪ್ರಯಾಣಿಕರೂ ಅಲ್ಲಿಯೇ ಹತ್ತುವವರು. ಹಾಗಾದರೆ ಆ ವಿಮಾನದಲ್ಲೇ ನಾವೂ ಹ್ಯೂಸ್ಟನ್‌ಗೆ ಹೋಗಬಹುದಲ್ಲ? ಊಹೂಂ. ಪರದೇಶದ ವಿಮಾನ ಅಮೆರಿಕದ ಒಂದೂರಿನಿಂದ ಇನ್ನೊಂದೂರಿಗೆ ಜನರನ್ನು ಒಯ್ಯುವಂತಿಲ್ಲ, ಕಾನೂನು. ಟೂರಿಸ್ಟ್ ಬಸ್ಸು ನಡುವಿನ ಸ್ಟಾಪಿನಲ್ಲಿ ಜನ ಹತ್ತಿಸಿಕೊಂಡರೆ ನಮ್ಮ ಆರ್‌ಟಿಓ ಹಿಡಿಯುವುದಿಲ್ಲವೇ, ಹಾಗೆ. ವಿಮಾನ ಖಾಲಿ ಹೋಗುತ್ತದೆ, ನೀವು ಮತ್ತೆ ಬಸ್ಸು ಹತ್ತಿ ಎಂದರು. ಎಲ್ಲರೂ ಮತ್ತೆ ಥ್ಯಾಂಕ್ಯೂ ಹೇಳಿದರು.

ಬಸ್ಸಿಗೆ ಕಾಯುತ್ತಿದ್ದಾಗ ವಿಮಾನದ ಸಿಬ್ಬಂದಿ ಹಾಲಿಗೆ ಬಂದರು. ಕ್ಯಾಪ್ಟನ್ ಕೆಂಪು ಮೀಸೆಯ ದೊಡ್ಡಾಳು. ಜೊತೆಗೆ ಐದಾರು ಜನ, ಎಲ್ಲರ ಬಳಿಯೂ ಚಕ್ರದ ಪೆಟ್ಟಿಗೆ. ಒಳಗೆ ಹೋಗುವ ಮುನ್ನ ಎಲ್ಲರೂ ಇದ್ದಕ್ಕಿದ್ದಂತೆ ತಂತಮ್ಮ ಪೆಟ್ಟಿಗೆಗಳ ಮೇಲೆ ಕೂತರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಒಂದು ನಿಮಿಷವಾದ ಮೇಲೆ ಎದ್ದು ಹೊರಟರು. ಅಷ್ಟರಲ್ಲಿ ಕ್ಯಾಪ್ಟನ್ ಹಣೆ ಬಡಿದುಕೊಂಡು ವಾಪಸ್ ಬಂದ. ತಂಪು ಕನ್ನಡಕವನ್ನು ಬೆಂಚಿನ ಮೇಲೆ ಬಿಟ್ಟಿದ್ದ. ಅದನ್ನೆತ್ತಿಕೊಂಡು ಮತ್ತೆ ಪೆಟ್ಟಿಗೆಯ ಮೇಲೆ ಕುಳಿತ.

ಅತ್ತಿಗೆ ನನ್ನ ತೋಳು ಹಿಡಿದು ಎದ್ದು ನಿಂತರು. "ನೋಡಿದೇನು ಶಾರದಾ? ಹೊರಟು ಮರಳಿ ಬಂದ್ರ ಕೂತು ಹೋಗಬೇಕು ಅನ್ನೂದು ಇವರಿಗೂ ಗೊತ್ತದ! ಆದ್ರ ನೀರು ಕುಡೀಲಿಲ್ಲ." ನಾನು ತಡೆಯುವಷ್ಟರಲ್ಲಿ ಹೋಗಿ ಬಾಟಲಿ ಚಾಚಿದ್ದರು. "ಕುಡೀರಿ. ವಾಟರ್. ಮನಿಗೆ ಬಂದ್ರ ನೀರು ಕುಡಿದು ಹೋಗಬೇಕು."

ಕ್ಯಾಪ್ಟನ್ ಅವರ ಮುಖ ನೋಡಿದ, ಬಾಟಲಿ ನೋಡಿದ, ಎತ್ತಿ ಗಟಗಟನೆ ಕುಡಿದ. ಗಗನಸಖಿಯೊಬ್ಬಳು ನಕ್ಕು ಹತ್ತಿರ ಬಂದಳು. ಅವಳ ಹೆಸರು ಡೈವಾ. "ನಮ್ಮ ದೇಶದಲ್ಲಿ ದೂರ ಹೊರಡುವಾಗ ಸುಮ್ಮನೆ ಒಂದು ಗಳಿಗೆ ಕೂರುತ್ತೇವೆ. ನಿಮ್ಮಲ್ಲಿ?" ಎಂದು ಒಡಕು ಇಂಗ್ಲಿಷಿನಲ್ಲಿ ಕೇಳಿದಳು. ಚೈತ್ರ ಪರಸ್ಥಾನದ ಕಥೆಯನ್ನೆಲ್ಲ ಹೇಳಿದಳು. ಚೀಲ ಹಿಂದೆ ಬರುತ್ತಿದೆ ಎಂಬಲ್ಲಿಗೆ ಡೈವಾಳ ಕಣ್ಣುಗಳು ಅರಳಿದವು. ನೋಡಿ ಸ್ವಾಮಿ, ಸೋಮವಾರದಿಂದ ಇದನ್ನು ಕೇಳಿದ ಪರದೇಶದವರಲ್ಲಿ ಒಬ್ಬರಾದರೂ ನಗಬೇಡವೇ? ನಗುತ್ತಿದ್ದವಳು ನಾನೊಬ್ಬಳೇ.

ರೂತ್ ಬರುವ ಮೊದಲೇ ನಮ್ಮ ಬಸ್ಸು ಹೊರಟಿತು. ಹ್ಯೂಸ್ಟನ್‌ಗೆ ಹೋಗಿದ್ದೇವೆ, ಅಲ್ಲಿಗೇ ಬನ್ನಿ ಎಂದು ಚೈತ್ರ ಕೌಂಟರಿನಲ್ಲಿ ಆಕೆಯ ಹೆಸರಿಗೆ ಒಂದು ಚೀಟಿ ಕೊಟ್ಟು ಬಂದಿದ್ದಳು. ಊರು ದಾಟುವಾಗ ನಮ್ಮ ಬಿಳಿಯ ವಿಮಾನ ಯಾರನ್ನೂ ಹೊರದೆ ತಲೆಯ ಮೇಲೆ ಹಾರಿಹೋಯಿತು. ಬಸ್ಸಿನವರೆಲ್ಲ ಕಿಟಕಿಯಿಂದ ಟಾಟಾ ಮಾಡಿದರು.

ಹ್ಯೂಸ್ಟನ್

ಗುರುವಾರ ಮಧ್ಯಾಹ್ನ ಒಂದೂವರೆ ದಾಟಿತ್ತು. ಅಂದರೆ ರಾಹುಕಾಲ. ಶೂಲೆಯ ಮೇಲೆ ರಾಹುಕಾಲ. "ಭಾವನವರು ಇದ್ದಿದ್ದರೆ ಈ ಬಸ್ಸಿನ ಚಕ್ರದಡಿಯೇ ಮಲಗಿಬಿಡುತ್ತಿದ್ದರು" ಎಂದೆ, ತಮಾಷೆಗೆ.

ಅತ್ತಿಗೆ ನಗಲಿಲ್ಲ. ಹೊರಗೆ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ದನ. ಅದನ್ನೇ ನೋಡುತ್ತ ಹೇಳಿದರು:

"ಅವರಿಗೆ ಪಂಚಾಂಗ ಓದಾಕ ಎಲ್ಲಿ ಬರ್ತಿತ್ತು? ನಾನ ಓದತಿದ್ದೆ."

"ನೀವೇ?"

"ನೀವು ಕರದಾಗೆಲ್ಲ ಆ ದಿನದಾಗ ಏನು ಕೆಟ್ಟದ್ದದ ಅಂತ ಹುಡುಕಿ ಅವರಿಗೆ ಹೇಳಿಕೊಡ್ತಿದ್ದೆ. ಅವರು ನಿಮ್ಮ ಮುಂದ ಹೇಳತಿದ್ರು."

ಅವರೇ ಮುಂದುವರಿಸಿದರು. ಭಾವನವರು ಚಿಕ್ಕವರಿದ್ದಾಗ ಕೃಷ್ಣಾ ಹೊಳೆಗೆ ತಮ್ಮನ ಜೊತೆ ಈಜಲು ಹೋಗಿದ್ದರಂತೆ. ಮೇಲೆ ಬಂದದ್ದು ಇವರೊಬ್ಬರೇ. ಅಂದಿನಿಂದ ಹರಿಯುವ ನೀರು ಕಂಡರೆ ಮೈ ನಡುಗುತ್ತಿತ್ತು. ರೈಲು ಕೃಷ್ಣಾ ಸೇತುವೆ ದಾಟುವಾಗ ಕಣ್ಣು ಮುಚ್ಚಿ ಹೆಂಡತಿಯ ಕೈ ಹಿಡಿದುಕೊಳ್ಳುತ್ತಿದ್ದರಂತೆ.

"ನೀರಿಗೆ ಅಂಜತೀನಿ ಅಂತ ಹೆಂಡತಿ ತವರುಮನಿಯವರ ಮುಂದ ಹ್ಯಾಂಗ ಹೇಳೂದು? ಮಂದಿ ನಗತಾರ. ಪಂಚಾಂಗ ಅಂದ್ರ ಯಾರೂ ಕೇಳೂದಿಲ್ಲ. ಬೈತಾರ, ಬಿಡ್ತಾರ."

"ನಿಮಗೆ ನೋಡಬೇಕು ಅನ್ನಿಸಲಿಲ್ಲವೇ ಅತ್ತಿಗೆ?"

"ಅನಸದೇನು? ನಿಮ್ಮ ಸಂಗಡ ಹೋಗಿ ಬಾ ಅಂತ ಅವರ ಹೇಳತಿದ್ರು. ಅವರನ್ನ ಬಿಟ್ಟು ನೋಡಾಕ ನನಗ ಮನಸ್ಸು ಆಗಲಿಲ್ಲ."

"ಈಗ ಬಿಟ್ಟು ಬಂದಿದ್ದೀರಲ್ಲ" ಎಂದುಬಿಟ್ಟೆ. ನನ್ನ ಬಾಯಿಗಿಷ್ಟು!

"ಬಿಟ್ಟು ಬಂದೀನಿ ಅಂತ ಯಾರು ಹೇಳಿದ್ರು?" ಎಂದವರೇ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಗೆ ತಿರುಗಿದರು. ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಹ್ಯೂಸ್ಟನ್ ಬರುವವರೆಗೆ ನಾನು ಒಂದೇ ಸಮನೆ ದೇವರಿಗೆ ಕೈಮುಗಿಯುತ್ತಿದ್ದೆ: ರೂತ್ ಅವರ ಪಿಕಪ್ ಗಾಡಿಗೆ ಏನೂ ಆಗದಿರಲಿ, ಆಕೆ ದಾರಿ ತಪ್ಪದಿರಲಿ, ಈ ಹೆಂಗಸು ಇವತ್ತು ಸಮುದ್ರ ನೋಡಲಿ.

ಹ್ಯೂಸ್ಟನ್‌ನಲ್ಲಿ ಕೌಂಟರ್ ತೆರೆದಿತ್ತು. ಎಲ್ಲರೂ ಒಳಗೆ ಹೋದರು. ಬಾತುಕೋಳಿಯವಳೂ ಹೋದಳು. ಉಳಿದವರು ನಾವು ಮೂವರು. ಪಾಸ್‌ಪೋರ್ಟ್ ಇಲ್ಲದೆ ಆಗುವುದಿಲ್ಲ, ಕೌಂಟರ್ ಮುಚ್ಚುವ ಹೊತ್ತಾಯಿತು ಎಂದು ಅಲ್ಲಿದ್ದ ಯುವಕ ತುಂಬ ಬೇಸರದಿಂದಲೇ ಹೇಳಿದ. ಚೈತ್ರಳ ಕಣ್ಣು ತುಂಬಿತ್ತು. "ನೀವಿಬ್ಬರೂ ಹೋಗಿ ಬರ್ರಿ, ನಾ ಇಲ್ಲೇ ಕೂಡತೀನಿ" ಎಂದು ಅತ್ತಿಗೆ ಹೇಳಿದ್ದು ಕೇಳಿ ನನಗೆ ಅವರನ್ನು ಬಯ್ಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಡೈವಾ ಬಂದಳು, ಒಟ್ಟು ಎಷ್ಟು ಜನ ಎಂದು ಕೇಳಿಕೊಂಡು ಹೋಗಲು. ಬೆಂಚಿನ ಮೇಲೆ ಕೂತಿದ್ದ ಅತ್ತಿಗೆಯನ್ನು ಕಂಡಳು.

"ಚೀಲ?"

ಚೈತ್ರ ತಲೆಯಾಡಿಸಿದಳು, ಇಲ್ಲ ಎಂದು. ಡೈವಾ ಫೋನ್ ತೆಗೆದು ತನ್ನ ಭಾಷೆಯಲ್ಲಿ ಚುಟುಕಾಗಿ ಮಾತಾಡಿದಳು. ಆಮೇಲೆ ಕೌಂಟರಿನ ಯುವಕನಿಗೆ ಬಹಳ ಗಂಭೀರವಾಗಿ ತಿಳಿಸಿದಳು: "ಕ್ಯಾಪ್ಟನ್ ಏನೋ ಮರೆತಿದ್ದಾರೆ. ವಾಪಸ್ ಇಳಿದು ಬಂದಿದ್ದಾರೆ. ಇನ್ನು ಸ್ವಲ್ಪ ಹೊತ್ತು ಅವರು ಕೂತು ಎದ್ದೇ ಹೊರಡುವುದು. ನಮ್ಮಲ್ಲಿ ಹಾಗೆ."

"ಎಷ್ಟು ಹೊತ್ತು?" ಎಂದ ಅವನು.

"ನೀರು ಬೇರೆ ಕುಡಿಯಬೇಕು" ಎಂದಳು ಡೈವಾ.

ಕ್ಯಾಪ್ಟನ್ ಒಳಗೆಲ್ಲೋ ಕೂತು ನೀರು ಕುಡಿಯುತ್ತಿರುವಾಗಲೇ ಗಾಜಿನ ಬಾಗಿಲು ಸರಿದು ರೂತ್ ಕಾಣಿಸಿಕೊಂಡರು. ಕೂದಲು ಕೆದರಿ, ಮುಖ ಕೆಂಪಾಗಿ, ಎದೆಗವಚಿಕೊಂಡ ಜಮಖಾನದ ಚೀಲ. ಅತ್ತಿಗೆ ಓಡಿದರು! ಮಂಡಿನೋವಿನ ಅತ್ತಿಗೆ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ನಿಂತರು. ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ರಾಯಚೂರಿನ ಭಾಷೆಯಲ್ಲಿ, ಒಂದೇ ಸಲಕ್ಕೆ ಏನೇನೋ ಹೇಳುತ್ತಿದ್ದರು.

ಕೌಂಟರಿನ ಮೇಲೆ ಅತ್ತಿಗೆ ಚೀಲ ಬಿಚ್ಚಿದರು. ಅಕ್ಕಿಯ ಗಂಟು, ಅಡಿಕೆ, ಅರಿಶಿನದ ಕೊಂಬು. ಅದರಡಿ ಒಂದು ಕರಿ ಟೋಪಿ. ಭಾವನವರು ಅದಿಲ್ಲದೆ ಹೊಸಿಲು ದಾಟಿದವರಲ್ಲ. ಅಂಚಿನಲ್ಲಿ ಎಣ್ಣೆಯ ಗುರುತು ಹಾಗೆಯೇ ಇತ್ತು. ಪಾಸ್‌ಪೋರ್ಟ್ ಆ ಟೋಪಿಯ ಮಡಿಕೆಯೊಳಗಿತ್ತು.

ಹೊರಡುವವರ ಒಂದು ಬಟ್ಟೆ ಇಡಬೇಕು ಎಂದೆನಲ್ಲ. ಪರಸ್ಥಾನ ಯಾರಿಗೆ ಇಟ್ಟಿದ್ದರು ಎನ್ನುವುದು ಆಗ ತಿಳಿಯಿತು. ಚೈತ್ರ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಲಿಲ್ಲ.

"ನೀವು ಈಗ ಅಷ್ಟು ದೂರ ವಾಪಸ್ ಡ್ರೈವ್ ಮಾಡ್ಬೇಕಾ?" ಎಂದು ಚೈತ್ರ ರೂತ್‌ರನ್ನು ಕೇಳಿದಳು. ರೂತ್ ದಕ್ಷಿಣಕ್ಕೆ ಬೆರಳು ತೋರಿಸಿದರು. ಗಾಲ್ವೆಸ್ಟನ್ ಇಲ್ಲಿಂದ ಹತ್ತಿರ. ಗಂಡ ಹೋದ ಮೇಲೆ ತಾನೂ ಸಮುದ್ರದ ಕಡೆ ಹೋಗಿಲ್ಲ. ಇಷ್ಟು ಮುಂದೆ ಬಂದ ಮೇಲೆ ಹಿಂದಕ್ಕೆ ಹೋಗುವುದು ಶುಭವಲ್ಲ ಎಂದು ಕೇಳಿದ್ದೇನೆ ಎಂದರು.

ವಿಮಾನದೊಳಗೆ ಹೋದಾಗ ಹುಲ್ಲಿನ ಟೋಪಿಯವರೆಲ್ಲ ಚಪ್ಪಾಳೆ ತಟ್ಟಿದರು. ಇವರ ದೆಸೆಯಿಂದ ತಡವಾಯಿತು ಎಂದು ಗೊಣಗಬೇಕಾದವರು! ಡೈವಾ ಅತ್ತಿಗೆಯನ್ನು ಕಿಟಕಿಯ ಪಕ್ಕ ಕೂರಿಸಿ, ಬೆಲ್ಟ್ ಹಾಕಿ, ಗಲ್ಲ ತಟ್ಟಿ ಹೋದಳು.

ವಿಮಾನ ಮೇಲೆದ್ದ ಕೆಲವೇ ನಿಮಿಷಗಳಲ್ಲಿ ಊರು ಮುಗಿಯಿತು. ನೆಲ ಮುಗಿಯಿತು. ಇಳಿಬಿಸಿಲಲ್ಲಿ ನೀರು, ನೀರು, ಬರೀ ನೀರು. ದಡದ ಬಳಿ ಬಿಳಿಯ ಅಂಚು, ಅದರಾಚೆ ಚೈತ್ರ ಹೇಳಿದ ಟೀ ಬಣ್ಣ. ನೀಲಿಗೆ ಇನ್ನೂ ಬಹಳ ದೂರವಿತ್ತು. ಛೇ, ಮೊದಲ ಸಲಕ್ಕೇ ಈ ರಾಡಿ ನೀರು ಕಾಣಬೇಕಾಯಿತಲ್ಲ ಎಂದು ನಾನು ಪೇಚಾಡಿಕೊಳ್ಳುತ್ತಿದ್ದೆ.

"ಕೃಷ್ಣಾ ಹೊಳಿ ಬಣ್ಣನ ಅದ" ಎಂದರು ಅತ್ತಿಗೆ.

ಆಮೇಲೆ ಚೀಲದಿಂದ ಕರಿ ಟೋಪಿ ತೆಗೆದು, ಅಂಗೈಯಿಂದ ಸವರಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ನಾನು ಪಕ್ಕದಲ್ಲಿದ್ದೇನೆ ಎಂಬುದನ್ನೂ ಮರೆತು, ಮನೆಯ ಪಡಸಾಲೆಯಲ್ಲಿ ಗಂಡನೊಡನೆ ಮಾತಾಡುವ ದನಿಯಲ್ಲೇ ಹೇಳಿದರು:

"ಕಣ್ಣು ಮುಚ್ಚಬ್ಯಾಡ್ರಿ. ನಾ ಹಿಡಕೊಂಡೀನಿ. ಮ್ಯಾಲಿಂದ ನೋಡ್ರಿ, ಒದ್ದಿ ಆಗೂದಿಲ್ಲ."